ಪದ್ಮಿನಿಯ ತುಕ್ಕು ಬಿಡಿಸುವುದು: ತಗಡು ಹಪ್ಪಳವಾಗದಂತೆ ಬ್ಲಾಸ್ಟಿಂಗ್

ಹಳೆ ಕಾರನ್ನು ಪೂರ್ತಿ ಬಿಚ್ಚಿ ಹಾಕಿದ ಮೇಲೆ ಕಣ್ಣಿಗೆ ಬೀಳುವುದು ಮೂರು: ಮ್ಯಾಟ್ ಕೆಳಗೆ ಪದರ ಪದರವಾಗಿ ಏಳುವ ತುಕ್ಕು, ಒಂದರ ಮೇಲೊಂದು ಕೂತ ಬಣ್ಣ, ಅದರಡಿಯಲ್ಲಿ ಬೆರಳು ದಪ್ಪದ ಪುಟ್ಟಿ. ಎಮರಿ ಹಿಡಿದು ಉಜ್ಜುತ್ತ ಕೂತರೆ ವರ್ಷ ಕಳೆಯುತ್ತದೆ. ಒತ್ತಿದ ಗಾಳಿಯಲ್ಲಿ ಗಡಸು ಕಣಗಳನ್ನು ರಭಸವಾಗಿ ಹೊಡೆದು ತುಕ್ಕು, ಬಣ್ಣ ಉದುರಿಸುವುದಕ್ಕೆ ಬ್ಲಾಸ್ಟಿಂಗ್ ಎನ್ನುತ್ತಾರೆ. ಹಾಗಾಗಿ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ, 'ಬ್ಲಾಸ್ಟಿಂಗ್‌ಗೆ ಹಾಕಿಬಿಡಿ'. ಹಾಕಬಹುದು. ಆದರೆ ಗೇಟು, ಗ್ರಿಲ್ಲು, ಎರಕದ ಸಾಮಾನಿಗೆ ಹೊಡೆಯುವ ಹಾಗೆಯೇ ಬಾನೆಟ್‌ಗೂ ಹೊಡೆದರೆ ಅದು ತುಕ್ಕು ಬಿಟ್ಟು ಬರುತ್ತದೆ, ಆಕಾರವನ್ನೂ ಬಿಟ್ಟು ಬರುತ್ತದೆ.

ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು ಪ್ರೀಮಿಯರ್ ಪದ್ಮಿನಿ. ಫಿಯೆಟ್ 1100ರ ವಂಶದ, ಮುಂಬೈಯ ಕುರ್ಲಾದಲ್ಲಿ ತಯಾರಾದ ಈ ಕಾರಿಗೆ ಜೀಪಿನಂತೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ಅಂದರೆ ದಪ್ಪ ಕಬ್ಬಿಣ, ತೆಳು ತಗಡು, ಒಳಗೆ ಟೊಳ್ಳಾದ ಪೆಟ್ಟಿಗೆ ಭಾಗಗಳು ಎಲ್ಲವೂ ಒಂದೇ ಚಿಪ್ಪಿನಲ್ಲಿ ಬೆಸುಗೆಯಾಗಿ ಕೂತಿವೆ. ಒಂದಕ್ಕೆ ಒಪ್ಪುವ ಒತ್ತಡ ಇನ್ನೊಂದಕ್ಕೆ ಒಪ್ಪುವುದಿಲ್ಲ. ಅಂಬಾಸಡರ್‌ಗೂ ಇದೇ ಲೆಕ್ಕ. ಜೀಪಿನವರು ಚಾಸಿಸ್ ಬಗ್ಗೆ ನಿಶ್ಚಿಂತರಾಗಿರಬಹುದು, ಬಾಡಿಯ ವಿಷಯದಲ್ಲಿ ಅವರಿಗೂ ಇದೇ ಎಚ್ಚರ ಬೇಕು.

ತಗಡು ಯಾಕೆ ಬಾಗುತ್ತದೆ

ಬಿಸಿಯಿಂದ ಬಾಗುತ್ತದೆ ಎಂಬ ನಂಬಿಕೆ ಗ್ಯಾರೇಜುಗಳಲ್ಲಿ ಗಟ್ಟಿಯಾಗಿದೆ. ಬಿಸಿಯ ಪಾಲು ಸಣ್ಣದು. ನಿಜವಾದ ಕಾರಣ ಹೊಡೆತ. ಒಂದೊಂದು ಕಣ ಬಡಿದಾಗಲೂ ತಗಡಿನ ಮೇಲ್ಮೈಯಲ್ಲಿ ಸೂಕ್ಷ್ಮ ಗುಳಿ ಬೀಳುತ್ತದೆ, ಗುಳಿಯ ಸುತ್ತಲಿನ ಲೋಹ ಪಕ್ಕಕ್ಕೆ ತಳ್ಳಿಸಿಕೊಳ್ಳುತ್ತದೆ. ಲಕ್ಷಾಂತರ ಕಣ ಬಡಿದ ಮೇಲೆ ಮೇಲಿನ ಪದರ ಹಿಗ್ಗಿರುತ್ತದೆ, ಕೆಳಗಿನ ಪದರ ಇದ್ದಷ್ಟೇ ಇರುತ್ತದೆ. ಬಿಸಿಲಿಗಿಟ್ಟ ಹಪ್ಪಳ ಬಾಗುವುದೂ ಎರಡು ಮೈಗಳ ಅಳತೆ ಹೊಂದದೆ ಹೋದದ್ದಕ್ಕೇ. ವ್ಯತ್ಯಾಸ ಇಷ್ಟೇ: ಹಪ್ಪಳ ಒಣಗಿದ ಕಡೆಗೆ ಮುದುರುತ್ತದೆ, ತಗಡು ಹೊಡೆತ ತಿಂದ ಕಡೆಗೆ ಉಬ್ಬುತ್ತದೆ.

ಸುಮಾರು 0.9 ಮಿ.ಮೀ. ದಪ್ಪದ ಚಪ್ಪಟೆ ತಗಡಿಗೆ ಇದನ್ನು ತಡೆದುಕೊಳ್ಳುವ ಬಲವಿಲ್ಲ. ಬಾನೆಟ್, ಡಿಕ್ಕಿ ಮುಚ್ಚಳ, ಟಾಪು, ಬಾಗಿಲಿನ ಹೊರಮೈ, ಈ ನಾಲ್ಕರ ನಡುಭಾಗವೇ ಅಪಾಯದ ಜಾಗ. ಅಂಚಿನಲ್ಲಿ ಮಡಿಕೆ ಇದೆ, ಒಳಗಡೆ ಪಟ್ಟಿಯಿದೆ, ಅಲ್ಲಿ ತಗಡು ನಿಲ್ಲುತ್ತದೆ. ನಡುವೆ ಏನೂ ಇಲ್ಲ. ಒಮ್ಮೆ ಹಿಗ್ಗಿದ ತಗಡನ್ನು ಬೆರಳಿಂದ ಒತ್ತಿದರೆ ಎಣ್ಣೆ ಡಬ್ಬದ ತಳದಂತೆ 'ಟಕ್' ಎಂದು ಒಳಹೋಗಿ ಮತ್ತೆ 'ಟಕ್' ಎಂದು ಹೊರಬರುತ್ತದೆ. ಅದನ್ನು ಕುಗ್ಗಿಸಿ ಸರಿಮಾಡಬಲ್ಲ ಟಿಂಕರ್‌ಗಳು ಈಗ ಕೈಬೆರಳೆಣಿಕೆಯಷ್ಟು. ಉಳಿದವರು ಪುಟ್ಟಿ ತುಂಬಿ ಮುಚ್ಚುತ್ತಾರೆ. ಪುಟ್ಟಿ ತೆಗೆಯಲೆಂದು ಶುರುವಾದ ಕೆಲಸ ಪುಟ್ಟಿಯಲ್ಲೇ ಮುಗಿಯುತ್ತದೆ.

ಆದ್ದರಿಂದ ಹೊರಮೈಯ ಚಪ್ಪಟೆ ಭಾಗಗಳಿಗೆ ಬ್ಲಾಸ್ಟಿಂಗ್ ಮಾಡದೇ ಇರುವುದೇ ನಮ್ಮ ಸಲಹೆ. ಅಲ್ಲಿನ ಬಣ್ಣವನ್ನು ಪೇಂಟ್ ರಿಮೂವರ್ ಹಚ್ಚಿಯೋ, ಗ್ರೈಂಡರಿಗೆ ನೈಲಾನ್ ಸ್ಟ್ರಿಪ್ ಡಿಸ್ಕ್ ಹಾಕಿಯೋ ತೆಗೆಯಿರಿ. ರಿಮೂವರ್ ಬಳಸುವುದಾದರೆ ಮಡಿಚಿದ ಅಂಚುಗಳಿಂದ ಒಂದು ಇಂಚು ದೂರವೇ ನಿಲ್ಲಿಸಬೇಕು. ಮಡಿಕೆಯೊಳಗೆ ಇಳಿದ ರಿಮೂವರ್ ಹೊಸ ಬಣ್ಣ ಹೊಡೆದ ಮೇಲೂ ಅಲ್ಲಿಂದಲೇ ಜಿನುಗಿ ಗುಳ್ಳೆ ಎಬ್ಬಿಸುತ್ತದೆ. ಬಿಟ್ಟ ಆ ಒಂದು ಇಂಚು, ಒಳಮೈ, ಹಿಂಜ್ ಜಾಗ, ಮಳೆನೀರು ಹರಿಯುವ ಗಟಾರದಂಥ ಮೂಲೆಗಳಿಗೆ ಮಾತ್ರ ಬ್ಲಾಸ್ಟಿಂಗ್.

ಯಾವ ಕಣ

ಮೊದಲು ಯಾವುದು ಬೇಡ ಎಂಬುದು. ಹೊಳೆಮರಳು ಬೇಡ, ಎಂ-ಸ್ಯಾಂಡ್ ಬೇಡ, ಸಮುದ್ರದ ಮರಳಂತೂ ಬೇಡವೇ ಬೇಡ. ಮರಳಿನಲ್ಲಿರುವ ಸಿಲಿಕಾ ಬಡಿತಕ್ಕೆ ಪುಡಿಯಾಗಿ ಕಣ್ಣಿಗೆ ಕಾಣದ ಧೂಳಾಗುತ್ತದೆ, ಶ್ವಾಸಕೋಶದ ತಳ ಮುಟ್ಟಿ ಅಲ್ಲೇ ಉಳಿಯುತ್ತದೆ. ಅದರಿಂದ ಬರುವ ಸಿಲಿಕೋಸಿಸ್‌ಗೆ ಔಷಧವಿಲ್ಲ. ನಮ್ಮ ಕಾರ್ಮಿಕ ಕಾನೂನಿನಲ್ಲಿ, ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಗಳ ಸಾಲಿನಲ್ಲಿ ಅದಿದೆ. ಎಂ-ಸ್ಯಾಂಡ್ ಕಾರ್ಖಾನೆಯಲ್ಲಿ ತಯಾರಾದದ್ದು, ಹಾಗಾಗಿ ಪರವಾಗಿಲ್ಲ ಎನ್ನುವವರಿದ್ದಾರೆ. ಅದು ಹೆಚ್ಚಾಗಿ ಒಡೆದ ಗ್ರಾನೈಟ್. ಗ್ರಾನೈಟ್‌ನಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚೇ ಕ್ವಾರ್ಟ್ಜ್ ಇರುತ್ತದೆ, ಕ್ವಾರ್ಟ್ಜ್ ಅಂದರೆ ಸಿಲಿಕಾನೇ. ಸಮುದ್ರದ ಮರಳು ಇದರ ಮೇಲೆ ಉಪ್ಪನ್ನೂ ತಂದು ಹೊಸ ತಗಡಿಗೆ ತಿಕ್ಕುತ್ತದೆ. 'ಸ್ಯಾಂಡ್ ಬ್ಲಾಸ್ಟಿಂಗ್' ಎಂಬ ಹೆಸರು ಉಳಿದಿದೆ ಅಷ್ಟೇ, ಸ್ಯಾಂಡ್ ಉಳಿಯಬಾರದು.

ಕಾರಿನ ಕೆಲಸಕ್ಕೆ ನಮ್ಮಲ್ಲಿ ಸಿಗುವುದರಲ್ಲಿ ಉತ್ತಮವಾದದ್ದು ಗಾರ್ನೆಟ್. ಮೋಸ್ ಅಳತೆಯಲ್ಲಿ 7ರಿಂದ 8ರ ಗಡಸು, ಮೂಲೆಗಳುಳ್ಳ ಭಾರವಾದ ಕಣ, ಜರಡಿ ಹಿಡಿದು ಮೂರು ನಾಲ್ಕು ಸಲ ಬಳಸಬಹುದು. ಪ್ಲಾಟ್‌ಫಾರಂ ತಳ, ಚಕ್ರದ ಗೂಡುಗಳಿಗೆ 30/60 ಮೆಶ್; ತೆಳು ತಗಡಿಗೆ 80 ಮೆಶ್. ಮೆಶ್ ಅಂದರೆ ಜರಡಿಯ ಅಳತೆ, ಅಂಕಿ ಹೆಚ್ಚಾದಷ್ಟೂ ಕಣ ಸಣ್ಣದು. ದಪ್ಪ ಕಣವೇ ಬೇಗ ಕೆಲಸ ಮಾಡುತ್ತದೆ ಎಂಬ ಅಂದಾಜು ಅರ್ಧ ಸತ್ಯ. ಒಂದು ಕಿಲೋ ಸಣ್ಣ ಕಣದಲ್ಲಿ ಎಣಿಕೆಗೆ ಕಣಗಳು ಎಷ್ಟೋ ಪಟ್ಟು ಹೆಚ್ಚು, ತುಕ್ಕು ಕೊರೆದ ಗುಳಿಯ ತಳಕ್ಕೆ ಇಳಿಯುವುದೂ ಅವೇ. ದಪ್ಪ ಕಣ ಗುಳಿಯ ಬಾಯಲ್ಲೇ ಬಡಿದು ಹಿಂದೆ ಹಾರುತ್ತದೆ, ತಳದಲ್ಲಿ ಕಪ್ಪು ಚುಕ್ಕೆ ಹಾಗೇ ಉಳಿಯುತ್ತದೆ.

ಕಾಪರ್ ಸ್ಲ್ಯಾಗ್, ಅಂದರೆ ತಾಮ್ರ ಕರಗಿಸಿದಾಗ ಉಳಿಯುವ ಕಿಟ್ಟದ ಹರಳು, ಅಗ್ಗ, ಹಡಗು ಮತ್ತು ಟ್ಯಾಂಕ್ ಕೆಲಸದವರ ಬಳಿ ಇದ್ದೇ ಇರುತ್ತದೆ. ಸಸ್ಪೆನ್ಷನ್ ಆರ್ಮ್, ಆಕ್ಸಲ್, ಜೀಪಿನ ಚಾಸಿಸ್‌ಗೆ ಸಾಕು. ತಗಡಿಗೆ ತುಂಬ ಒರಟು, ಒಂದೇ ಬಳಕೆಗೆ ಪುಡಿಯಾಗುತ್ತದೆ. ಅಲ್ಯುಮಿನಿಯಂ ಆಕ್ಸೈಡ್ 9ರ ಗಡಸು. ಕ್ಯಾಬಿನೆಟ್‌ನೊಳಗೆ ಮತ್ತೆ ಮತ್ತೆ ತಿರುಗಿಸಿ ಬಳಸುವವರಿಗೆ ಲಾಭ, ಬಯಲಲ್ಲಿ ಹೊಡೆದರೆ ದುಡ್ಡು ಗಾಳಿಗೆ ತೂರಿದಂತೆ. ಪ್ಲಾಸ್ಟಿಕ್ ಕಣಗಳು ವಿಮಾನದ ಬಣ್ಣ ಬಿಡಿಸಲು ಬಳಸುವಂಥವು, ತಗಡಿಗೆ ತೀರಾ ಮೃದು, ಆದರೆ ತುಕ್ಕನ್ನು ಮುಟ್ಟುವುದಿಲ್ಲ. ಅಡುಗೆ ಸೋಡಾದ ಕಥೆಯೂ ಅದೇ. 1980ರ ದಶಕದಲ್ಲಿ ಅಮೆರಿಕದ ಸ್ವಾತಂತ್ರ್ಯ ದೇವತೆಯ ಒಳಮೈಯ ಟಾರನ್ನು ತಾಮ್ರಕ್ಕೆ ಗಾಯವಾಗದಂತೆ ತೆಗೆದದ್ದು ಸೋಡಾದಿಂದಲೇ. ಬಣ್ಣ ಹೋಗುತ್ತದೆ, ತುಕ್ಕು ನಗುತ್ತ ಕೂತಿರುತ್ತದೆ. ಮೇಲಾಗಿ ಸೋಡಾದ ಕ್ಷಾರ ಸಂದಿಯಲ್ಲಿ ಉಳಿದರೆ ಪ್ರೈಮರ್ ಹಿಡಿಯುವುದಿಲ್ಲ. ನೀರು ಹಾಕಿ ತೊಳೆಯಲೇಬೇಕು, ತೊಳೆದರೆ ತುಕ್ಕು. ಪದ್ಮಿನಿಯಂಥ ಕಾರಿಗೆ ಈ ಗೋಜು ಬೇಡ.

ಗ್ಲಾಸ್ ಬೀಡ್ ದುಂಡಗಿನ ಗಾಜಿನ ಮಣಿ. ಅಲ್ಯುಮಿನಿಯಂ ಕವರ್, ಬ್ರ್ಯಾಕೆಟ್‌ಗಳಿಗೆ 40–50 ಪಿಎಸ್‌ಐನಲ್ಲಿ (ಪಿಎಸ್‌ಐ ಗಾಳಿಯ ಒತ್ತಡದ ಅಳತೆ) ಸ್ಯಾಟಿನ್ ಹೊಳಪು ಕೊಡುತ್ತದೆ. ಮೈಸೂರಿನ ಜಾವಾ, ಯೆಜ್ಡಿ ಎಂಜಿನ್ ಕವರ್‌ಗಳನ್ನು ಹೊಸದರಂತೆ ಮಾಡುವವರು ಬಳಸುವುದು ಇದನ್ನೇ, ನೀರಿನ ಜೊತೆ. ಬಣ್ಣ ಹೊಡೆಯಬೇಕಾದ ಕಬ್ಬಿಣಕ್ಕೆ ಮಾತ್ರ ಬೇಡ. ಮಣಿ ಮೇಲ್ಮೈಯನ್ನು ಬಡಿದು ನುಣುಪು ಮಾಡುತ್ತದೆ, ಪ್ರೈಮರ್‌ಗೆ ಹಿಡಿಯಲು ಹಲ್ಲು ಸಿಗುವುದಿಲ್ಲ. ಒಂದು ಎಚ್ಚರ: ಕಬ್ಬಿಣಕ್ಕೆ ಹೊಡೆದ ಕಣವನ್ನು ಅಲ್ಯುಮಿನಿಯಂಗೆ ಹೊಡೆಯಬಾರದು. ಸಿಕ್ಕಿಕೊಂಡ ಕಬ್ಬಿಣದ ಪುಡಿ ಆಮೇಲೆ ಕಂದು ಚುಕ್ಕೆಯಾಗಿ ಅರಳುತ್ತದೆ, ಡಸ್ಟ್ ಕಲೆಕ್ಟರ್‌ನಲ್ಲಿ ತುಕ್ಕಿನ ಧೂಳೂ ಅಲ್ಯುಮಿನಿಯಂ ಧೂಳೂ ಬೆರೆತರೆ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ.

ಗಾಳಿಯ ಲೆಕ್ಕ

ಮನೆಯಲ್ಲೇ ಮಾಡಿಕೊಳ್ಳಲು ಹೊರಟವರು ಎಡವುವುದು ಇಲ್ಲೇ. ಒತ್ತಡ ಎಷ್ಟು ಎಂದು ಕೇಳುತ್ತಾರೆ. ಕೇಳಬೇಕಾದದ್ದು ಗಾಳಿ ಎಷ್ಟು ಎಂದು. 100 ಪಿಎಸ್‌ಐ ಒತ್ತಡದಲ್ಲಿ 1/8 ಇಂಚಿನ ನಾಝಲ್ ನಿಮಿಷಕ್ಕೆ 20 ಘನ ಅಡಿ (20 ಸಿಎಫ್‌ಎಂ) ಗಾಳಿ ಕುಡಿಯುತ್ತದೆ, ಗಂಟೆಗೆ ಸುಮಾರು 55 ಕೆ.ಜಿ. ಕಣ ಉಗುಳುತ್ತದೆ. 3/16 ಇಂಚಿನದು 45 ಸಿಎಫ್‌ಎಂ, 1/4 ಇಂಚಿನದು 81. ತೂತಿನ ವ್ಯಾಸ ಎರಡರಷ್ಟಾದರೆ ಗಾಳಿ ನಾಲ್ಕರಷ್ಟು ಬೇಕು. ಪಂಕ್ಚರ್ ಅಂಗಡಿಯ 2 ಎಚ್‌ಪಿ ಕಂಪ್ರೆಸರ್ ಏಳೆಂಟು ಸಿಎಫ್‌ಎಂ ಕೊಟ್ಟರೆ ಹೆಚ್ಚು. ಅದಕ್ಕೆ ಬ್ಲಾಸ್ಟಿಂಗ್ ಗನ್ ಸಿಕ್ಕಿಸಿದರೆ ಅರ್ಧ ನಿಮಿಷ ಹೊಡೆಯಬಹುದು, ಐದು ನಿಮಿಷ ಟ್ಯಾಂಕ್ ತುಂಬುವುದನ್ನು ಕಾಯಬಹುದು.

1/8 ಇಂಚಿನ ನಾಝಲ್‌ಗೆ ನೆಮ್ಮದಿಯಾಗಿ ಬೇಕಾದದ್ದು 7.5 ಎಚ್‌ಪಿಯ ಎರಡು ಹಂತದ ಕಂಪ್ರೆಸರ್. ಕೊಳ್ಳುವಾಗ, ಬಾಡಿಗೆ ತರುವಾಗ ಒಂದು ಮೋಸ ಗಮನಿಸಿ: ಫಲಕದ ಮೇಲೆ ಬರೆದಿರುವ ಸಿಎಫ್‌ಎಂ ಅನೇಕ ಸಲ ಪಿಸ್ಟನ್ ಡಿಸ್‌ಪ್ಲೇಸ್‌ಮೆಂಟ್, ಅಂದರೆ ಪಿಸ್ಟನ್ ಓಡಾಡುವ ಜಾಗದ ಲೆಕ್ಕ. ಹೊರಗೆ ಬರುವ ಗಾಳಿ, ಅದರ ಹೆಸರು ಎಫ್‌ಎಡಿ, ಅದರ ಮುಕ್ಕಾಲು ಭಾಗ ಇದ್ದರೆ ಪುಣ್ಯ. ಎಫ್‌ಎಡಿ ಅಂಕಿಯನ್ನೇ ಕೇಳಿ.

ನಾಝಲ್ ಸವೆತವೂ ಗಾಳಿಯ ಲೆಕ್ಕವೇ. ಅಗ್ಗದ ಪಿಂಗಾಣಿ ನಾಝಲ್ ಕೆಲವೇ ಗಂಟೆ ಬಾಳುತ್ತದೆ, ಟಂಗ್‌ಸ್ಟನ್ ಕಾರ್ಬೈಡ್ ನೂರಾರು ಗಂಟೆ. 1/8 ಇಂಚಿನ ತೂತು ಸವೆದು 3/16ಕ್ಕೆ ಬಂದರೆ ಬೇಕಾದ ಗಾಳಿ 20ರಿಂದ 45ಕ್ಕೆ ಏರುತ್ತದೆ, ಕಂಪ್ರೆಸರ್ ಅಲ್ಲೇ ಕೈ ಚೆಲ್ಲುತ್ತದೆ. 'ಬೆಳಿಗ್ಗೆ ಚೆನ್ನಾಗಿ ಹೊಡೀತಿತ್ತು, ಮಧ್ಯಾಹ್ನದ ಮೇಲೆ ಸುಸ್ತಾಯ್ತು' ಎಂಬ ದೂರಿಗೆ ಕಾರಣ ಬಹಳ ಸಲ ಇದೇ. ಒಂದು ಡ್ರಿಲ್ ಬಿಟ್ಟನ್ನು ಅಳತೆಗೋಲಾಗಿ ಇಟ್ಟುಕೊಂಡು ದಿನಕ್ಕೆರಡು ಸಲ ತೂತಿಗೆ ಹಾಕಿ ನೋಡಿ, 4 ಮಿ.ಮೀ. ಬಿಟ್ ಒಳಹೋಗುತ್ತಿದ್ದರೆ ನಾಝಲ್ ಬದಲಿಸಿ.

ಗನ್‌ನಲ್ಲಿ ಎರಡು ಬಗೆ. ಕಣವನ್ನು ಗಾಳಿಯ ಸೆಳೆತದಿಂದ ಮೇಲೆತ್ತುವ ಸಕ್ಷನ್ ಗನ್ ಅಗ್ಗ, ಸಣ್ಣ ಸಾಮಾನಿಗೆ ಸರಿ. ಇಡೀ ಬಾಡಿಗೆ ಪ್ರೆಷರ್ ಪಾಟ್ ಬೇಕು: ಕಣ ತುಂಬಿದ ಡಬ್ಬವೇ ಒತ್ತಡದಲ್ಲಿರುತ್ತದೆ, ಅಷ್ಟೇ ಗಾಳಿಗೆ ಹಲವು ಪಟ್ಟು ಕೆಲಸ. ಪಾಟ್‌ಗೆ ಸೇಫ್ಟಿ ವಾಲ್ವ್ ಇರಬೇಕು, ಕೈ ಬಿಟ್ಟ ಕ್ಷಣ ನಿಲ್ಲುವ ಹಿಡಿಕೆ ಇರಬೇಕು. ಹಳೆ ಗ್ಯಾಸ್ ಸಿಲಿಂಡರ್ ಕೊಯ್ದು ಬೆಸುಗೆ ಹಾಕಿ ಮಾಡಿದ ಪಾಟ್‌ಗಳು ಊರೂರಲ್ಲಿ ಸಿಗುತ್ತವೆ. ಅದರ ಹತ್ತಿರವೂ ನಿಲ್ಲಬೇಡಿ.

ನೀರು

30 ಡಿಗ್ರಿ ಸೆಕೆ, 80 ಶೇಕಡ ಆರ್ದ್ರತೆ ಇರುವ ದಿನ 20 ಸಿಎಫ್‌ಎಂ ಕಂಪ್ರೆಸರ್ ಗಂಟೆಗೆ ಸುಮಾರು 800 ಗ್ರಾಂ ನೀರಾವಿ ಎಳೆದುಕೊಳ್ಳುತ್ತದೆ. 100 ಪಿಎಸ್‌ಐಗೆ ಒತ್ತಿದ ಗಾಳಿ ಮತ್ತೆ ತಣಿದಾಗ ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರಾಗಿ ಇಳಿಯುತ್ತದೆ. ಅಂದರೆ ಗಂಟೆಗೆ ಹತ್ತಿರಹತ್ತಿರ ಮುಕ್ಕಾಲು ಲೀಟರ್. ಮಂಗಳೂರು, ಉಡುಪಿ, ಕಾರವಾರದವರಿಗೆ ಇದು ಮಳೆಗಾಲದ ಲೆಕ್ಕವಲ್ಲ, ಮಾಮೂಲಿ ದಿನದ ಲೆಕ್ಕ. ಆ ನೀರು ಪಾಟ್ ಸೇರಿದರೆ ಗಾರ್ನೆಟ್ ಕೆಸರಾಗಿ ಕಟ್ಟುತ್ತದೆ. ಹೋಸ್ ದಾಟಿದರೆ ಬೆಳ್ಳಗೆ ಮಾಡಿದ ತಗಡಿನ ಮೇಲೆ ಕಣ್ಣೆದುರೇ ಕಿತ್ತಳೆ ಬಣ್ಣ ಹತ್ತುತ್ತದೆ.

ಕಂಪ್ರೆಸರ್‌ಗೆ ಅಂಟಿಸಿದ ಗಾಜಿನ ಬಟ್ಟಲಿನ ವಾಟರ್ ಸೆಪರೇಟರ್ ಇದನ್ನು ತಡೆಯುವುದಿಲ್ಲ. ಅಲ್ಲಿ ಗಾಳಿ ಇನ್ನೂ ಬಿಸಿ, ನೀರು ಇನ್ನೂ ಆವಿ. ಬಟ್ಟಲು ದಾಟಿದ ಮೇಲೆ ತಣಿದು ನೀರಾಗುತ್ತದೆ. ಮೊದಲು ತಣಿಸಿ, ಆಮೇಲೆ ಹಿಡಿಯಬೇಕು. 3/4 ಇಂಚಿನ ಜಿಐ ಪೈಪನ್ನು ಗೋಡೆಗೆ ಮೇಲೆ ಕೆಳಗೆ ಹಾವಿನಂತೆ ಹತ್ತು ಹನ್ನೆರಡು ಮೀಟರ್ ಓಡಿಸಿ, ಪ್ರತಿ ಕೆಳ ತಿರುವಿನಲ್ಲೂ ನೀರು ಬಿಡಲು ಒಂದು ನಲ್ಲಿ ಇಟ್ಟು, ಕೊನೆಯಲ್ಲಿ ಸೆಪರೇಟರ್ ಹಾಕಿ. ಎದುರಿಗೆ ಒಂದು ಪೆಡೆಸ್ಟಲ್ ಫ್ಯಾನ್ ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಕರಾವಳಿಯಲ್ಲಿ ಇದರ ಮೇಲೆ ಸಿಲಿಕಾ ಜೆಲ್ ತುಂಬಿದ ಡ್ರೈಯರ್ ಕೂಡ ಬೇಕು. ಪಿವಿಸಿ ಪೈಪ್ ಬೇಡ. ಅದು ತಣಿಸುವುದಿಲ್ಲ, ಒತ್ತಡಕ್ಕೆ ಒಡೆದರೆ ಚೂರುಗಳು ಚಾಕುವಿನಂತೆ ಹಾರುತ್ತವೆ.

ಗಾಳಿ ಒಣಗಿದೆಯೇ ಎಂದು ತಿಳಿಯಲು ಪಾಟ್‌ಗೆ ಕಣ ತುಂಬುವ ಮೊದಲು ಬರಿ ಗಾಳಿ ಬಿಟ್ಟು, ನಾಝಲ್ ಮುಂದೆ ಒಂದೆರಡು ಅಡಿ ದೂರದಲ್ಲಿ ಬಿಳಿ ಬಟ್ಟೆಯನ್ನು ಒಂದು ನಿಮಿಷ ಹಿಡಿಯಿರಿ. ತೇವವೋ ಎಣ್ಣೆ ಚುಕ್ಕೆಯೋ ಕಂಡರೆ ಕೆಲಸ ಶುರುಮಾಡಬೇಡಿ. ಎಣ್ಣೆ ಕಂಡರೆ ಕಂಪ್ರೆಸರ್‌ನ ರಿಂಗ್ ಸವೆದಿದೆ ಎಂದರ್ಥ. ಆ ಎಣ್ಣೆ ತಗಡಿಗೆ ಹತ್ತಿದರೆ ಪ್ರೈಮರ್‌ನಲ್ಲಿ ಮೀನಿನ ಕಣ್ಣಿನಂಥ ಗುಳಿಗಳು ಏಳುತ್ತವೆ.

ಹೊಡೆಯುವ ಮೊದಲು

ಗ್ರೀಸ್ ಮೇಲೆ ಬ್ಲಾಸ್ಟಿಂಗ್ ನಡೆಯುವುದಿಲ್ಲ. ಕಣ ಗ್ರೀಸ್‌ನಲ್ಲಿ ಹೂತು ಕೂರುತ್ತದೆ, ಗ್ರೀಸ್ ಪಕ್ಕದ ಜಾಗಕ್ಕೂ ಹರಡುತ್ತದೆ, ಮತ್ತೆ ಬಳಸುವ ಕಣವೆಲ್ಲ ಜಿಡ್ಡಾಗುತ್ತದೆ. ಪ್ಲಾಟ್‌ಫಾರಂ ತಳದ ಟಾರ್‌ಕೋಟ್ ಕೂಡ ಹಾಗೆಯೇ. ರಬ್ಬರಿನಂತೆ ಕಣವನ್ನು ವಾಪಸ್ ಒದೆಯುತ್ತದೆ. ಹೀಟ್ ಗನ್‌ನಲ್ಲಿ ಮೆತ್ತಗೆ ಮಾಡಿ ಚೂರಿಯಿಂದ ಕೆರೆದು ತೆಗೆಯಿರಿ, ಉಳಿದದ್ದನ್ನು ಸೀಮೆಎಣ್ಣೆ ಹಾಕಿ ಒರೆಸಿ, ಡಿಟರ್ಜೆಂಟ್‌ನಲ್ಲಿ ತೊಳೆದು, ಎರಡು ದಿನ ಬಿಸಿಲಿಗೆ ಒಣಗಿಸಿ. ದಪ್ಪ ಪುಟ್ಟಿಯನ್ನೂ ಡಿಸ್ಕ್‌ನಿಂದ ಮೊದಲೇ ಇಳಿಸಬೇಕು. ಬ್ರೇಕ್ ಡ್ರಮ್‌ನೊಳಗಿನ ಧೂಳನ್ನು ಗಾಳಿಯಿಂದ ಊದಬೇಡಿ. ಹಳೆ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಚಾಸಿಸ್ ನಂಬರ್ ವಿಷಯ ಮರೆತರೆ ಕಾರು ಮುಗಿದರೂ ಆರ್‌ಟಿಒ ಮುಗಿಯುವುದಿಲ್ಲ. ತಗಡಿಗೆ ಗುದ್ದಿದ ಅಂಕಿಗಳ ಮೇಲೆ ಬ್ಲಾಸ್ಟಿಂಗ್ ಬಿದ್ದರೆ ಅಂಚು ಸವೆದು ತಿದ್ದಿದ ಹಾಗೆ ಕಾಣುತ್ತದೆ. ಮೊದಲು ಕಾಗದ ಇಟ್ಟು ಪೆನ್ಸಿಲ್ ಅಚ್ಚು ತೆಗೆದುಕೊಳ್ಳಿ, ಫೋಟೋ ತೆಗೆಯಿರಿ, ಆಮೇಲೆ ಆ ಜಾಗವನ್ನು ಹಳೆ ಟ್ಯೂಬಿನ ರಬ್ಬರ್ ತುಂಡಿನಿಂದ ಮುಚ್ಚಿ ಸುತ್ತಲೂ ಡಕ್ಟ್ ಟೇಪ್ ಮೂರು ಸುತ್ತು ಅಂಟಿಸಿ. ಬರಿ ಮಾಸ್ಕಿಂಗ್ ಟೇಪ್ ಎರಡು ಸೆಕೆಂಡ್ ನಿಲ್ಲುವುದಿಲ್ಲ, ರಬ್ಬರ್ ನಿಲ್ಲುತ್ತದೆ. ಅಲ್ಲಿನ ಬಣ್ಣವನ್ನು ಕೊನೆಯಲ್ಲಿ ರಿಮೂವರ್ ಹಚ್ಚಿ ಕೈಯಲ್ಲೇ ತೆಗೆದರಾಯಿತು.

ಥ್ರೆಡ್ ಇರುವ ತೂತುಗಳಿಗೆಲ್ಲ ಹಳೆ ಬೋಲ್ಟ್ ತಿರುಗಿಸಿಡಿ. ಬೇರಿಂಗ್ ಕೂರುವ ಜಾಗ, ಶಾಕ್ ಅಬ್ಸಾರ್ಬರ್ ದಂಡ, ಬ್ರೇಕ್ ಸಿಲಿಂಡರ್ ಒಳಮೈಗೆ ಕಣ ತಾಗಲೇಬಾರದು. ಎಂಜಿನ್ ಬ್ಲಾಕ್, ಗೇರ್‌ಬಾಕ್ಸ್, ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಒಣ ಬ್ಲಾಸ್ಟಿಂಗ್ ಬೇಡ ಎಂದೇ ಹೇಳುತ್ತೇವೆ: ಎಣ್ಣೆ ದಾರಿಯಲ್ಲಿ ಅಡಗಿದ ಹತ್ತು ಕಣ ಸಾಕು, ಹೊಸ ಬೇರಿಂಗ್‌ಗಳನ್ನು ನೂರು ಕಿಲೋಮೀಟರ್‌ನೊಳಗೆ ಕೆರೆದು ಹಾಕಲು. ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಡಿ. ಒಣ ಕಣ ಹರಿಯುವಾಗ ಸ್ಥಿರ ವಿದ್ಯುತ್ ಹುಟ್ಟುತ್ತದೆ. ಬಾಡಿ, ಪಾಟ್ ಎರಡಕ್ಕೂ ಅರ್ತ್ ತಂತಿ ಕಟ್ಟದಿದ್ದರೆ ಕೈಗೆ ಝಾಡಿಸುತ್ತದೆ, ಆವಿ ಇದ್ದಲ್ಲಿ ಬೆಂಕಿಯೇ ಬೀಳಬಹುದು.

ಮೈಗೆ ದಪ್ಪ ಬಟ್ಟೆ, ಚರ್ಮದ ಉದ್ದ ಕೈಗವಸು, ಬೂಟು, ಇಯರ್‌ಮಫ್. ಮುಖಕ್ಕೆ ಹೊರಗಿನಿಂದ ಶುದ್ಧ ಗಾಳಿ ಬರುವ ಹುಡ್ ಇದ್ದರೆ ಅದೇ ಸರಿ. ಹಳೆ ಬಣ್ಣದಲ್ಲಿ ಸೀಸ ಇರುತ್ತದೆ, ಹಾಗಾಗಿ ಗಾರ್ನೆಟ್ ಬಳಸಿದರೂ ಧೂಳು ವಿಷವೇ. ಅಂಗಡಿಯ ಬಟ್ಟೆ ಮಾಸ್ಕ್, ಮುಖಕ್ಕೆ ಸುತ್ತಿದ ಟವೆಲ್ ಎರಡೂ ಲೆಕ್ಕಕ್ಕಿಲ್ಲ. ಉಸಿರಾಟದ ಗಾಳಿಯನ್ನು ಆ ಕೆಲಸಕ್ಕೆಂದೇ ಇರುವ ಫಿಲ್ಟರ್ ಇಲ್ಲದೆ ಎಣ್ಣೆ ಹಾಕಿದ ಕಂಪ್ರೆಸರ್‌ನಿಂದ ನೇರ ತೆಗೆಯಬಾರದು. ಕಾದ ಎಣ್ಣೆಯಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಆ ಬಟ್ಟೆಯಲ್ಲೇ ಮನೆಯೊಳಗೆ ಹೋಗಿ ಮಕ್ಕಳನ್ನು ಎತ್ತಿಕೊಳ್ಳಬೇಡಿ.

ಹೊಡೆಯುವ ಕೈ

ಕಣವನ್ನು ಸೊಳ್ಳೆ ಪರದೆಯ ಜಾಲರಿಯಲ್ಲಿ ಸೋಸಿ ಪಾಟ್‌ನ ಮೂರರಲ್ಲಿ ಎರಡು ಭಾಗ ತುಂಬಿ. ನಾಝಲ್ ತೂತು ಕಣಕ್ಕಿಂತ ಐದಾರು ಪಟ್ಟಾದರೂ ದೊಡ್ಡದಿರಬೇಕು, ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ. ಒತ್ತಡವನ್ನು ಕಂಪ್ರೆಸರ್ ಗೇಜ್ ನೋಡಿ ನಂಬಬೇಡಿ. ಅಲ್ಲಿ 100 ಇದ್ದು ಉದ್ದ ಹೋಸ್ ದಾಟಿ ನಾಝಲ್ ಹತ್ತಿರ 70 ಇರಬಹುದು. ಪಾಟ್ ಮೇಲಿನ ಗೇಜ್‌ಗೇ ಹೊಂದಿಸಿ, ಹೋಸ್ ಚಿಕ್ಕದಿರಲಿ.

ಕಣದ ವಾಲ್ವನ್ನು ಮುಚ್ಚಿ ಶುರುಮಾಡಿ, ನಿಧಾನ ತೆರೆಯುತ್ತ ಬನ್ನಿ. ಸರಿಯಾದ ಹದದಲ್ಲಿ ನಾಝಲ್ ಬಾಯಲ್ಲಿ ತೆಳುವಾದ ಬಣ್ಣದ ಹೊಗೆ ಕಾಣುತ್ತದೆ, ಸದ್ದು ಒಂದೇ ಸಮ ಇರುತ್ತದೆ. ದಟ್ಟ ಕಂದು ಧಾರೆ ಬಂದು, ಹೋಸ್ ದಮ್ಮು ಹಿಡಿದವರಂತೆ ಬಿಟ್ಟುಬಿಟ್ಟು ಉಗುಳಿದರೆ ಕಣ ಹೆಚ್ಚಾಗಿದೆ. ಹೆಚ್ಚು ಕಣ ಹೆಚ್ಚು ಕೆಲಸವಲ್ಲ. ಗಾಳಿಗೆ ಅಷ್ಟನ್ನೂ ವೇಗಕ್ಕೆ ತರುವ ಶಕ್ತಿ ಸಾಲದೆ ಎಲ್ಲವೂ ನಿಧಾನವಾಗುತ್ತದೆ. ಕಣವೇ ಬರದಿದ್ದರೆ ನಾಝಲ್‌ಗೆ ಬೆರಳು ಇಟ್ಟು ನೋಡುವ ಚಾಳಿ ಕೆಲವರಿಗಿದೆ. ಗಾಳಿ ಬಂದ್ ಮಾಡಿ, ಪಾಟ್‌ನ ಒತ್ತಡ ಪೂರ್ತಿ ಬಿಟ್ಟು, ಆಮೇಲೆ ಬಿಚ್ಚಿ.

ಮೊದಲ ಹೊಡೆತ ಬೇಡದ ತುಂಡಿನ ಮೇಲೆ, ಎರಡನೆಯದು ಪ್ಲಾಟ್‌ಫಾರಂ ತಳದಲ್ಲಿ. ಅಲ್ಲಿ 30/60 ಗಾರ್ನೆಟ್, 60ರಿಂದ 70 ಪಿಎಸ್‌ಐ, ಒಂದು ಅಡಿ ದೂರ. ಸಸ್ಪೆನ್ಷನ್ ಆರ್ಮ್, ಹಿಂದಿನ ಆಕ್ಸಲ್, ಬಿಡಿಸಿಟ್ಟ ಲೀಫ್ ಪ್ಲೇಟುಗಳಿಗೆ 80–90 ಕೊಡಬಹುದು. ಬಾಗಿಲಿನ ಒಳ ಚೌಕಟ್ಟು, ಡ್ಯಾಶ್, ಮಡ್‌ಗಾರ್ಡ್ ಒಳಮೈಗೆ 80 ಮೆಶ್, 40–50 ಪಿಎಸ್‌ಐ, ಒಂದೂವರೆ ಅಡಿ ದೂರ. ಹೊರಮೈಗೆ ಹೊಡೆಯಲೇಬೇಕಾಗಿ ಬಂದರೆ 30–35ಕ್ಕೆ ಇಳಿಸಿ, ಇನ್ನೂ ದೂರ ನಿಂತು, ಅಂಚಿನಿಂದ ಒಳಕ್ಕೆ ಎರಡು ಇಂಚು ಮಾತ್ರ.

ನಾಝಲ್ ಯಾವತ್ತೂ ನೇರ ಎದುರಿಗೆ ಬೇಡ. 30ರಿಂದ 45 ಡಿಗ್ರಿ ಓರೆ. ನೇರ ಬಡಿದರೆ ಹೊಡೆತವೆಲ್ಲ ತಗಡಿನೊಳಕ್ಕೆ, ಓರೆಯಲ್ಲಿ ಬಣ್ಣ ಸೀಳಿ ಏಳುತ್ತದೆ. ಕೈ ನಿಲ್ಲಬಾರದು, ರಂಗೋಲಿ ಪುಡಿ ಬಿಡುವ ಕೈಯಂತೆ ಹರಿಯುತ್ತಿರಬೇಕು. ಒಂದು ಕಡೆ ಹಟದ ತುಕ್ಕಿದ್ದರೆ ಅಲ್ಲೇ ನಿಂತು ಕೊರೆಯದೆ ಬೇರೆಡೆ ಹೋಗಿ ಮತ್ತೆ ಬನ್ನಿ, ಬೇರೆ ದಿಕ್ಕಿನ ಓರೆಯಿಂದ ಹೊಡೆಯಿರಿ; ಗುಳಿಯ ಒಂದು ಗೋಡೆ ಇನ್ನೊಂದನ್ನು ಮರೆಮಾಡಿರುತ್ತದೆ. ನಡುನಡುವೆ ತಗಡಿನ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ಬೆಳಕು ನೋಡುವುದು ಒಳ್ಳೆಯ ಅಭ್ಯಾಸ. ಬಾಗು ಶುರುವಾದದ್ದು ಅಲ್ಲಿ ಮೊದಲು ಗೊತ್ತಾಗುತ್ತದೆ.

ಬಣ್ಣ, ತುಕ್ಕು ಎರಡೂ ಹೋಗಿ ಮಾಸಲು ಬೂದುಬಿಳುಪಿನ ಒಂದೇ ಮೈ ಬಂದಾಗ ನಿಲ್ಲಿಸಿ. ಐಎಸ್‌ಒ 8501-1ರಲ್ಲಿ ಎಸ್‌ಎ 2½ ಎನ್ನುವುದು ಹೆಚ್ಚುಕಡಿಮೆ ಇದನ್ನೇ: ತುಸು ನೆರಳಿನಂಥ ಕಲೆ ಬಿಟ್ಟರೆ ಬೇರೇನೂ ಇಲ್ಲ. ತೂತುಗಳು ಕಾಣಿಸಿಕೊಳ್ಳುತ್ತವೆ, ವಿಶೇಷವಾಗಿ ರಾಕರ್ ಪ್ಯಾನೆಲ್ (ಬಾಗಿಲುಗಳ ಕೆಳಗಿನ ಉದ್ದ ಪೆಟ್ಟಿಗೆ ಭಾಗ), ಬಾಗಿಲಿನ ತಳ, ಜಾಕಿ ಕೊಡುವ ಜಾಗದಲ್ಲಿ. ಬ್ಲಾಸ್ಟಿಂಗ್ ತೂತು ಮಾಡಿತು ಎಂದು ಗಲಾಟೆ ಮಾಡುವವರಿದ್ದಾರೆ. ಅಲ್ಲಿ ತಗಡು ಮೊದಲೇ ಹೋಗಿತ್ತು, ತುಕ್ಕು ಮತ್ತು ಬಣ್ಣ ಸೇರಿ ತಗಡಿನ ವೇಷ ಹಾಕಿದ್ದವು.

ರಾಕರ್ ಪ್ಯಾನೆಲ್‌ನಂಥ ಟೊಳ್ಳು ಭಾಗಗಳೊಳಗೆ ಕಿಲೋಗಟ್ಟಲೆ ಗಾರ್ನೆಟ್ ಸೇರಿರುತ್ತದೆ. ಅದು ಅಲ್ಲೇ ಉಳಿದರೆ ನೀರಿಳಿಯುವ ತೂತು ಮುಚ್ಚಿ, ತೇವ ಹಿಡಿದು, ಒಳಗಿನಿಂದ ಹೊಸ ತುಕ್ಕು. ಅದಕ್ಕೂ ಮೊದಲೇ ಇನ್ನೊಂದು ಕಾಟ: ಬಣ್ಣದ ಗನ್‌ನ ಗಾಳಿಗೆ ಸಂದಿಯಿಂದ ಹಾರಿ ಹಸಿ ಬಣ್ಣದ ಮೇಲೆ ಕೂರುತ್ತದೆ. ಡ್ರೈನ್ ತೂತುಗಳನ್ನು ತೆರೆದು, ರಬ್ಬರ್ ಸುತ್ತಿಗೆಯಿಂದ ತಟ್ಟಿ, ಬಾಡಿಯನ್ನು ಮಗ್ಗುಲಿಗೆ ಉರುಳಿಸಿ, ವ್ಯಾಕ್ಯೂಮ್ ಹಾಕಿ ತೆಗೆಯಿರಿ. ಪ್ರೈಮರ್ ಆದ ಮರುದಿನ ಮತ್ತೊಮ್ಮೆ ಊದಿ. ಮತ್ತೆ ಬರುತ್ತದೆ, ಪ್ರತಿ ಸಲವೂ ಬರುತ್ತದೆ.

ಪ್ರೈಮರ್ ಕಾಯುತ್ತಿರಬೇಕು

ಬ್ಲಾಸ್ಟ್ ಆದ ತಗಡು ಚರ್ಮ ಸುಲಿದ ಮೈಯಂತೆ. ಒಣ ಹವೆಯಲ್ಲಿ ನಾಲ್ಕು ಗಂಟೆ, ಕರಾವಳಿಯಲ್ಲಿ ಒಂದೆರಡು ಗಂಟೆ, ಅಷ್ಟೇ ಗಡುವು. ಒಂದು ದಿನದಲ್ಲಿ ಎಷ್ಟಕ್ಕೆ ಪ್ರೈಮರ್ ಹೊಡೆಯಬಲ್ಲಿರೋ ಅಷ್ಟನ್ನೇ ಬ್ಲಾಸ್ಟ್ ಮಾಡಿ. ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನ ಉಪ್ಪಿಗೆ ಬೆರಳಚ್ಚು ಸಮೇತ ತುಕ್ಕು ಮೂಡುತ್ತದೆ.

ತಗಡಿನ ಬಿಸಿ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರತೊಡಗುವ ಉಷ್ಣತೆ) ಕನಿಷ್ಠ 3 ಡಿಗ್ರಿ ಮೇಲಿರಬೇಕು, ಆರ್ದ್ರತೆ 85 ಶೇಕಡಕ್ಕಿಂತ ಕೆಳಗಿರಬೇಕು. 28 ಡಿಗ್ರಿ, 85 ಶೇಕಡ ಇದ್ದರೆ ಇಬ್ಬನಿ ಬಿಂದು ಸುಮಾರು 25, ಅಂಚಿನಲ್ಲಿದ್ದೀರಿ. ಬೆಳಗಿನ ಜಾವ ಗಾಳಿ ಬೆಚ್ಚಗಾದರೂ ತಗಡು ರಾತ್ರಿಯ ತಂಪಿನಲ್ಲೇ ಇರುತ್ತದೆ. ಹತ್ತು ಗಂಟೆಗೆ ಶುರುಮಾಡಿ ಮೂರಕ್ಕೆ ಪ್ರೈಮರ್ ಮುಗಿಸುವುದು ಕ್ಷೇಮ. ಬೆಂಗಳೂರು, ಹುಬ್ಬಳ್ಳಿಯವರಿಗೆ ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಘಟ್ಟದ ಕೆಳಗಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸದ ಹೆಸರೆತ್ತದಿರುವುದೇ ವಾಸಿ.

ಒಣ ಗಾಳಿಯಲ್ಲಿ ಊದಿ, ವ್ಯಾಕ್ಯೂಮ್ ಮಾಡಿ. ಬನಿಯನ್ ವೇಸ್ಟ್‌ನಲ್ಲಿ ಒರೆಸಿದರೆ ಒರಟು ಮೈಗೆ ನೂಲು ಅಂಟುತ್ತದೆ. ನೂಲು ಬಿಡದ ಬಟ್ಟೆಯಲ್ಲಿ ಗ್ರೀಸ್ ರಿಮೂವರ್ ಹಾಕಿ ಮೆಲ್ಲಗೆ ಒತ್ತಿ ತೆಗೆಯಿರಿ. ಆಮೇಲೆ ಎರಡು ಭಾಗ ಬೆರೆಸುವ ಎಪಾಕ್ಸಿ ಪ್ರೈಮರ್, ಎರಡು ಕೋಟು. ಬೆರೆಸಿದ ಮೇಲೆ ಎಷ್ಟು ಹೊತ್ತು ಬಿಡಬೇಕು ಎಂದು ಡಬ್ಬದ ಮೇಲೆ ಬರೆದಿರುತ್ತದೆ, ಓದಿ. ಗಾರ್ನೆಟ್ ಬಿಟ್ಟ ಹಲ್ಲುಗಳ ಎತ್ತರ 25ರಿಂದ 50 ಮೈಕ್ರಾನ್; ಪ್ರೈಮರ್ ಪದರ ಅದರ ತುದಿಗಳನ್ನೂ ಮುಳುಗಿಸಬೇಕು. ತೆಳುವಾಗಿ ಒಂದು ಕೋಟು ಹೊಡೆದು ಬಿಟ್ಟರೆ ತುದಿಗಳು ಇಣುಕಿ, ವಾರದಲ್ಲಿ ಮೆಣಸಿನ ಪುಡಿ ಚೆಲ್ಲಿದಂತೆ ತುಕ್ಕಿನ ಚುಕ್ಕೆ ಕಾಣುತ್ತದೆ.

ಗ್ಯಾರೇಜಿನವರು ಅಭ್ಯಾಸಬಲದಿಂದ ರೆಡ್ ಆಕ್ಸೈಡೋ ಬೂದು ಎನ್‌ಸಿ ಪ್ರೈಮರೋ ಹೊಡೆಯಲು ಬರುತ್ತಾರೆ. ಬೇಡ. ಅವು ಸ್ಪಂಜಿನಂತೆ ತೇವ ಹೀರುತ್ತವೆ. ಆರು ತಿಂಗಳು ಟಿಂಕರಿಂಗ್ ಮುಗಿಯುವವರೆಗೆ ಬಾಡಿ ಶೆಡ್ಡಿನಲ್ಲಿ ನಿಂತರೆ ಅಡಿಯಲ್ಲಿ ತುಕ್ಕು ಮತ್ತೆ ಸಂಸಾರ ಹೂಡಿರುತ್ತದೆ. ಆಸಿಡ್ ಇರುವ ರಸ್ಟ್ ಕನ್ವರ್ಟರ್ ಮೇಲೆ ನೇರ ಎಪಾಕ್ಸಿಯೂ ಬೇಡ, ಉಳಿದ ಆಸಿಡ್ ಎಪಾಕ್ಸಿಯನ್ನು ಗಟ್ಟಿಯಾಗಲು ಬಿಡುವುದಿಲ್ಲ. ಟಿಂಕರಿಂಗ್ ಎಪಾಕ್ಸಿ ಆದ ಮೇಲೆ. ವೆಲ್ಡಿಂಗ್ ಜಾಗದಲ್ಲಷ್ಟೇ ಕೆರೆದು, ಮುಗಿದ ಮೇಲೆ ಮತ್ತೆ ಎಪಾಕ್ಸಿ. ಸಂದಿಗಳಿಗೆ ಸೀಮ್ ಸೀಲರ್, ಟೊಳ್ಳು ಭಾಗಗಳೊಳಗೆ ಕ್ಯಾವಿಟಿ ವ್ಯಾಕ್ಸ್.

ಹೊರಗೆ ಕೊಡುವುದಾದರೆ

ಪೀಣ್ಯ, ಬೈಕಂಪಾಡಿ, ಬೆಳಗಾವಿಯ ಉದ್ಯಮಬಾಗ್, ಇಂಥ ಕಡೆಗಳಲ್ಲಿ ಬ್ಲಾಸ್ಟಿಂಗ್ ಮಾಡುವವರನ್ನು ಹುಡುಕುವುದು ಕಷ್ಟವಲ್ಲ. ಆದರೆ ಉದ್ಯಮಬಾಗ್ ಎರಕದ ಊರು. ಅಲ್ಲಿನ ಶಾಟ್ ಬ್ಲಾಸ್ಟಿಂಗ್ ಯಂತ್ರ ಉಕ್ಕಿನ ಗುಂಡು ಬೀಸುವುದು ಎರಕದ ಮೇಲಿನ ಮರಳು ಉದುರಿಸಲು. ಅದರೊಳಗೆ ಡ್ರಮ್, ಹಬ್, ಆಕ್ಸಲ್ ಹಾಕಿ, ಚೊಕ್ಕವಾಗಿ ಬರುತ್ತದೆ. ಬಾಗಿಲು ಹಾಕಿದರೆ ತಟ್ಟೆ ಹೋಗಿ ಬಟ್ಟಲಾಗಿ ಬರುತ್ತದೆ.

ಕೇಳಬೇಕಾದ ಪ್ರಶ್ನೆಗಳು: ಯಾವ ಕಣ, ಎಷ್ಟು ಮೆಶ್, ನಾಝಲ್ ಎಷ್ಟು, ತಗಡಿಗೆ ಎಷ್ಟಕ್ಕೆ ಒತ್ತಡ ಇಳಿಸುತ್ತೀರಿ, ಇದೇ ಕಣವನ್ನು ನಿನ್ನೆ ಯಾವುದಕ್ಕೆ ಹೊಡೆದಿರಿ. ಕೊನೆಯದಕ್ಕೆ 'ಎಲ್ಲಕ್ಕೂ ಅದೇ' ಎಂಬ ಉತ್ತರ ಬಂದರೆ ಗ್ರೀಸ್, ಉಪ್ಪು ಎರಡೂ ನಿಮ್ಮ ಬಾಡಿಗೆ ಬರುತ್ತವೆ. ದೊಡ್ಡ ಸ್ಟ್ರಕ್ಚರ್‌ಗಳಿಗೆ 3/8 ಇಂಚಿನ ನಾಝಲ್ ಹಿಡಿದು ಪಳಗಿದ ಕೈ ತಗಡಿನ ಮುಂದೆ ನಿಧಾನವಾಗುವುದು ಅಪರೂಪ. ಅವರ ಕೂಲಿ ಚದರಡಿ ಲೆಕ್ಕ, ಅವರಿಗೆ ವೇಗವೇ ದುಡ್ಡು. ಚಪ್ಪಟೆ ಭಾಗಗಳ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ಕಾಟು ಹಾಕಿ 'ಇಲ್ಲಿ ಬೇಡ' ಎಂದು ಬರೆದು, ಮೇಲೆ ಹಳೆ ರಬ್ಬರ್ ಮ್ಯಾಟ್ ಕಟ್ಟಿ ಕೊಡಿ. ಬಾನೆಟ್, ಡಿಕ್ಕಿಯ ಮುಚ್ಚಳಗಳನ್ನಂತೂ ಕಳಿಸಲೇ ಬೇಡಿ. ಎಪಾಕ್ಸಿ ಡಬ್ಬ, ಸ್ಪ್ರೇ ಗನ್ ತೆಗೆದುಕೊಂಡು ನೀವೇ ಹೋಗಿ ಅಲ್ಲೇ ಹೊಡೆದುಕೊಂಡು ಬನ್ನಿ. ಬರಿ ತಗಡನ್ನು ತೆರೆದ ಲಾರಿಯಲ್ಲಿ ಶಿರಾಡಿ ಘಾಟಿ ಇಳಿಸಿದರೆ ಮನೆ ಬಾಗಿಲಿಗೆ ಬರುವಷ್ಟರಲ್ಲಿ ಅದು ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ.